ಕೆಂಪು ಜಮಖಾನೆ ಮುಗಿಯುವ ಮಹಡಿ

ನಗರದ ಮಹಡಿಮನೆಗಳ ಬಾಳನ್ನು ನಗೆಗೀಡುಮಾಡಿದ ಕಾದಂಬರಿ, ಫ್ರಾನ್ಸಿನ ಎಮಿಲ್ ಜೋಲಾನ ‘ಪೋ-ಬೂಯ್’ (1882). ಓಸ್ಮನ್ ಎಂಬ ಅಧಿಕಾರಿ 1853ರಿಂದ 1870ರವರೆಗೆ ಪ್ಯಾರಿಸ್ಸಿನ ಹಳೆಯ ಕೇರಿಗಳನ್ನು ಕೆಡವಿಸಿ ಅಗಲ ಬೀದಿಗಳನ್ನು ಹಾಕಿಸಿದ. ಇಕ್ಕೆಲಗಳಲ್ಲಿ ಬಹುಮಹಡಿ ಬಾಡಿಗೆ ಕಟ್ಟಡಗಳೆದ್ದವು. ಆ ಕಾಲದ ಒಂದು ಕಟ್ಟಡವೇ ಇಲ್ಲಿಯ ಕಥಾನಾಯಕ. ನಾಲ್ಕನೆಯ ಮಹಡಿಗೆ ಬಿಡಾರ ಬಂದ ಆಕ್ಟೇವ್ ಮೆಟ್ಟಿಲೇರುವಾಗ, ಮೂರನೆಯದನ್ನು ದಾಟಿದೊಡನೆ ಕೆಂಪು ಜಮಖಾನೆ ಮುಗಿದು ಬೂದು ಬಟ್ಟೆ ಎದುರಾಗುತ್ತದೆ. ಅವನ ಅಭಿಮಾನಕ್ಕೆ ಚುರುಕು ಮುಟ್ಟುತ್ತದೆ. ಲಿಫ್ಟಿಲ್ಲದ ಮನೆಯಲ್ಲಿ ಮೇಲೇರಿದಷ್ಟೂ ಅಂತಸ್ತು ಇಳಿಯುತ್ತದೆ. ಸೂರಿನಡಿ ಸೇವಕಿಯರ ಕೋಣೆಗಳು. ಮುಂದೆ ಹುಸಿ ಅಮೃತಶಿಲೆ. ಹಿಂದೆ ಕೊಳಕು ಅಂಗಳ, ಅಡುಗೆಮನೆಯ ಕಿಟಕಿಗಳಿಂದ ಯಜಮಾನರ ಗುಟ್ಟನ್ನು ಕೂಗಿ ಹೇಳುವ ಸೇವಕಿಯರು. ಕೊನೆಗೆ ಅಡೇಲ್ ಎಂಬ ಸೇವಕಿ ತನ್ನ ಕೋಣೆಯಲ್ಲಿ ಒಬ್ಬಳೇ, ಸದ್ದಿಲ್ಲದೆ ಹೆರುತ್ತಾಳೆ. ಅಲ್ಲಿ ನಗು ನಿಲ್ಲುತ್ತದೆ. ಕೆಳಗಿನವರ ಮರ್ಯಾದೆಗೆ ಬಾಡಿಗೆ ತೆತ್ತವಳು ಅವಳೇ.