ಮಗುವಿನ ತಲೆಗೆ ದಾಟಿದ ಹೊಣೆ

ಫ್ರಾನ್ಸ್‌ನ ಸರ್ಕಾರಿ ಶಾಲೆಗಳಿಂದ ಧರ್ಮವನ್ನು ಹೊರಗಿಡುವ ಕೆಲಸ ಮಕ್ಕಳ ಬಟ್ಟೆಯಿಂದ ಶುರುವಾಗಲಿಲ್ಲ. 1882ರಲ್ಲಿ ಜೂಲ್ ಫೆರಿ ತಂದ ಕಾನೂನು ಪಠ್ಯದಿಂದ ಧರ್ಮಬೋಧೆಯನ್ನು ತೆಗೆಯಿತು. 1886ರ ಕಾನೂನು ಪಾದ್ರಿ, ಸನ್ಯಾಸಿನಿಯರ ಕೈಯಿಂದ ಸರ್ಕಾರಿ ಶಾಲೆಯ ಮೇಷ್ಟರಿಕೆ ಬಿಡಿಸಿತು. ತಟಸ್ಥವಾಗಿರಬೇಕಾದದ್ದು ಸರ್ಕಾರ ಮತ್ತು ಅದರ ಸಂಬಳ ಪಡೆಯುವ ಶಿಕ್ಷಕ, ಮಗುವಲ್ಲ. ಆ ಹೊಣೆ ವಿದ್ಯಾರ್ಥಿಯ ತಲೆಗೆ ದಾಟಿದ್ದು ಹೇಗೆ? ಈ ವಿಚಾರ ಸಂಕಿರಣ ಮೊದಲು ಕೇಳಬೇಕಾದ ಪ್ರಶ್ನೆ ಇದು.

1989ರಲ್ಲಿ ಪ್ಯಾರಿಸ್‌ನ ಉತ್ತರದ ಕ್ರೇಯ್ ಪಟ್ಟಣದಲ್ಲಿ ತಲೆವಸ್ತ್ರ ತೆಗೆಯಲೊಪ್ಪದ ಮೂವರು ಹುಡುಗಿಯರನ್ನು ತರಗತಿಯಿಂದ ಹೊರಗಿಟ್ಟರು. ದೇಶವೆಲ್ಲ ಗದ್ದಲ. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಮಾತ್ರ ಹಳೆಯ ತರ್ಕ ಬಿಡಲಿಲ್ಲ: ಚಿಹ್ನೆ ಧರಿಸುವುದೇ ತಪ್ಪಲ್ಲ, ಅದರಿಂದ ಒತ್ತಡವೋ ಪಾಠಕ್ಕೆ ಅಡ್ಡಿಯೋ ಆದರೆ ತಡೆಯಬಹುದು ಎಂದಿತು. ಹದಿನಾಲ್ಕು ವರ್ಷದ ಬಳಿಕ ಈ ವಿಷಯವನ್ನು ಪರಿಶೀಲಿಸಿದ ಬರ್ನಾರ್ ಸ್ಟಾಸಿ ಆಯೋಗದ ಕಣ್ಣಿಗೆ ಬಿದ್ದದ್ದು ಬೇರೆಯದೇ ಸಂಗತಿ. ತಲೆವಸ್ತ್ರ ಹಾಕದ ಹುಡುಗಿಯರ ಮೇಲೆ ಕೇರಿಯವರ ದಬ್ಬಾಳಿಕೆ ನಡೆಯುತ್ತಿತ್ತು. ನಿಷೇಧವೇ ಅಂಥವರಿಗೆ ರಕ್ಷಣೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ.

2004ರ ಮಾರ್ಚ್ 15ರ ಕಾನೂನು ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನೆಲ್ಲ ನಿಷೇಧಿಸಿತು. ಕೊರಳಿನ ಪುಟ್ಟ ಶಿಲುಬೆಗೆ ವಿನಾಯಿತಿ. ಚರ್ಚೆಯೆಲ್ಲ ತಲೆವಸ್ತ್ರದ ಸುತ್ತ ನಡೆದಿದ್ದರೂ ಬಲೆಗೆ ಸಿಖ್ ಹುಡುಗರೂ ಬಿದ್ದರು. ಪ್ಯಾರಿಸ್ ಪಕ್ಕದ ಬೊಬಿನ್ಯಿಯಲ್ಲಿ ಕೆಸ್ಕಿ ಎಂಬ ಸಣ್ಣ ಪೇಟ ಸುತ್ತಿಕೊಂಡಿದ್ದ ಒಬ್ಬನನ್ನು ತರಗತಿಗೆ ಸೇರಿಸದೆ ಶಾಲೆಯ ಕ್ಯಾಂಟೀನಿನಲ್ಲಿ ಕೂರಿಸಿ, ಕೊನೆಗೆ ಹೊರಹಾಕಿದರು. ಅವನ ಹಕ್ಕಿಗೆ ಚ್ಯುತಿಯಾಗಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2012ರಲ್ಲಿ ಹೇಳಿತು. ಕಾನೂನು ಬದಲಾಗಲಿಲ್ಲ.

2023ರಲ್ಲಿ ನಿಷೇಧಕ್ಕೆ ಒಳಗಾಗುವ ಸರದಿ ಅಬಾಯಾ ಎಂಬ ಉಡುಪಿನದು. ಶಾಲೆ ತೆರೆದ ದಿನ ಅದನ್ನು ತೊಟ್ಟು ಬಂದ 298 ಹುಡುಗಿಯರಲ್ಲಿ 67 ಮಂದಿ ತೆಗೆಯಲೊಪ್ಪದೆ ಮನೆಗೆ ಮರಳಿದರೆಂದು ಸರ್ಕಾರವೇ ತಿಳಿಸಿತು. ಉದ್ದನೆಯ ಸಡಿಲ ಗೌನು ಯಾವಾಗ ಫ್ಯಾಷನ್, ಯಾವಾಗ ಧರ್ಮ? ಗೇಟಿನಲ್ಲಿ ನಿಂತ ಮುಖ್ಯೋಪಾಧ್ಯಾಯರು ಬಟ್ಟೆಯನ್ನಲ್ಲ, ತೊಟ್ಟವಳ ಹೆಸರು, ಮುಖ ನೋಡಿ ತೀರ್ಮಾನಿಸುವ ಅಪಾಯ ಇಲ್ಲಿದೆ. ವಿಚಿತ್ರವೆಂದರೆ, ಸರ್ಕಾರ ಸಂಬಳ ಕೊಡುವ ಕ್ಯಾಥೊಲಿಕ್ ಖಾಸಗಿ ಶಾಲೆಗಳಿಗೆ 2004ರ ಕಾನೂನು ಅನ್ವಯಿಸುವುದೇ ಇಲ್ಲ.

ಕರ್ನಾಟಕ ಹೈಕೋರ್ಟಿನ ಹಿಜಾಬ್ ತೀರ್ಪು ಬಂದದ್ದೂ ಮಾರ್ಚ್ 15ರಂದೇ, 2022ರಲ್ಲಿ. ಅದು ಬರೀ ಕಾಕತಾಳೀಯ. ವಾದದ ಬುಡವೇ ಬೇರೆ. ಫ್ರಾನ್ಸ್‌ನ ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರದ ರೂಢಿಯಿಲ್ಲ, ಹಾಗಾಗಿ ಕಾನೂನು ನೇರವಾಗಿ ಧರ್ಮದ ಹೆಸರೆತ್ತಬೇಕಾಯಿತು. ಇಲ್ಲಿ 1983ರ ಶಿಕ್ಷಣ ಕಾಯ್ದೆಯಡಿ ಹೊರಟ ಸರ್ಕಾರಿ ಆದೇಶ ಆತುಕೊಂಡದ್ದು ಸಮವಸ್ತ್ರವನ್ನು. 2022ರದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಆದೇಶವನ್ನು ಎತ್ತಿಹಿಡಿದರು. ಸುಧಾಂಶು ಧುಲಿಯಾ ಹೆಣ್ಣುಮಗುವಿನ ಓದನ್ನು ಮುಂದಿಟ್ಟು ಅದನ್ನು ರದ್ದುಪಡಿಸಿದರು.

ಧುಲಿಯಾ ಎತ್ತಿದ ಆ ಮಾತಿಗೆ ಸಾಕ್ಷಿ ಸಿಗುವುದು ಕಾನೂನು ಪುಸ್ತಕಗಳಲ್ಲಲ್ಲ. ಮುಂದಿನ ಗೋಷ್ಠಿಗಳು ತೀರ್ಪುಗಳ ಜೊತೆಗೆ ಶಾಲಾ ಕಾಲೇಜುಗಳ ಹಾಜರಿ ಪುಸ್ತಕವನ್ನೂ ಟಿ.ಸಿ. ಕೊಟ್ಟ ದಾಖಲೆಗಳನ್ನೂ ತರಿಸಿಕೊಂಡು ಓದಲಿ.