ಕಡಿತದ ಹಣ ಯಾವ ಖಾತೆಗೆ?

(ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಕಬ್ಬಿನ ಹಣ 14 ದಿನಗಳೊಳಗೆ ತಮಗೆ ಸಲ್ಲಬೇಕು. ಬೀಜ, ಗೊಬ್ಬರ, ಬೆಳೆ ಸಾಲಗಳ ಬಾಕಿ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಮುರಿದ ಹಣ ಎಲ್ಲಿಗೆ ಹೋಯಿತೆಂದು ತಾವು ನೋಡಿದ್ದೀರಾ?

ಖಾತೆಯನ್ನು ಈಗ ಗುಮಾಸ್ತರು ಆರಿಸುವುದಿಲ್ಲ. ಜಿಲ್ಲೆಯ ಸಂಕೇತ, ಕಡಿತದ ಬಗೆ ಇವನ್ನು ನೋಡಿ ಕಂಪ್ಯೂಟರೇ ಆರಿಸುತ್ತದೆ. ಅದು ನಿಯಮಗಳನ್ನು ಮೇಲಿನಿಂದ ಓದುತ್ತಾ ಹೋಗಿ, ಮೊದಲು ಹೊಂದಿದ್ದರಲ್ಲಿ ನಿಲ್ಲುತ್ತದೆ; ಯಾವುದೂ ಹೊಂದದಿದ್ದರೆ ಕೊನೆಯ ‘ಇತರೆ’ ಖಾತೆಗೆ ಹಾಕುತ್ತದೆ.

2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಬೆಳೆ ಸಾಲದ ನಿಯಮದಲ್ಲಿ ಅನಂತಪುರದ ಸಂಕೇತವೊಂದೇ ಇದ್ದರೆ, ಮಡಕಶಿರಾದವರ ಕಂತು ‘ಇತರೆ’ಗೆ ಬೀಳುತ್ತದೆ. ಜಮಾ ಖರ್ಚು ತಾಳೆಯಾಗುವುದರಿಂದ ಅಡಾವೆಯಲ್ಲಿ ತಪ್ಪು ಕಾಣದು. ಬ್ಯಾಂಕಿನಲ್ಲಿ ಮಾತ್ರ ಸಾಲ ನಿಂತು ಬಡ್ಡಿ ಬೆಳೆಯುತ್ತದೆ.

ಪತ್ತೆ ಹಚ್ಚುವುದು ಸುಲಭ. ಒಂದೇ ಬಗೆಯ ಕಡಿತವಿರುವ ರಾಯದುರ್ಗದ ಒಂದು ಬಿಲ್ಲು, ಮಡಕಶಿರಾದ ಒಂದು ಬಿಲ್ಲು ಅಕ್ಕಪಕ್ಕ ಇಟ್ಟು, ಎರಡೂ ಸೇರಿದ ಖಾತೆ ನೋಡಬೇಕು. ನಿಯಮ ತಿದ್ದಿದ ಮೇಲೆ ಅವೇ ಬಿಲ್ಲುಗಳನ್ನು ಮತ್ತೆ ಹಾಕಿ ಪರೀಕ್ಷಿಸಬೇಕು. ಹಿಂದೆ ತಪ್ಪಿ ಸೇರಿದ ಹಣ ತಾನಾಗಿ ಮರಳದು. ಅದಕ್ಕೆ ಬೇರೆಯಾಗಿ ವರ್ಗಾವಣೆ ನಮೂದು ಬೇಕು.

ತಾವು ಮಾಡಬೇಕಾದದ್ದು ಇಷ್ಟೇ: ಬಿಲ್ಲಿನ ಕಡಿತವನ್ನು ಸಾಲದ ಪಾಸ್ ಪುಸ್ತಕದೊಡನೆ ತಾಳೆ ನೋಡಿ. ಅಲ್ಲಿ ಜಮೆ ಆಗಿರದಿದ್ದರೆ ಬಿಲ್ಲಿನ ಸಂಖ್ಯೆ ಸಹಿತ ಬರೆದು ಕೊಡಿ. ಮುಂದಿನ ನಾಟಿಗೆ ಸಾಲ ಕೇಳುವ ಮುನ್ನವೇ ಇದು ಆಗಲಿ.