ನಿಧಾನದ ನೋಟ

ನೋಡಬೇಕಾದ ಸ್ಥಳಕ್ಕೆ ಬೇಗನೆ ಹೋಗಿ ಸೇರಬೇಕೆಂಬುದು ನಮ್ಮೆಲ್ಲರ ಆಸೆ. ಆದರೆ ಕೆಲವು ವಾಹನಗಳು ಊರು ಸೇರಿಸುವುದಕ್ಕಿಂತ ಊರು ತೋರಿಸುವುದಕ್ಕೇ ಹುಟ್ಟಿದವೋ ಎನಿಸುತ್ತದೆ. ಟ್ರಾಮು ಅಂಥದೊಂದು, ನಮ್ಮ ಹರಿಗೋಲು ಇನ್ನೊಂದು.

ಕಲ್ಕತ್ತೆಯಲ್ಲಿ ಕುದುರೆ ಎಳೆಯುವ ಟ್ರಾಮು ಬಂದದ್ದು 1873ರಲ್ಲಿ. 1902ರಿಂದ ಅದು ವಿದ್ಯುತ್ತಿನಿಂದ ಓಡಿತು. ಕಿಟಕಿಯ ಪಕ್ಕ ಕುಳಿತವನಿಗೆ ಮೈದಾನ, ಅಂಗಡಿ, ಜನ ಎಲ್ಲವೂ ನಡಿಗೆಗಿಂತ ಸ್ವಲ್ಪವೇ ಬೇಗ ಸರಿಯುತ್ತಿದ್ದವು. ಮದರಾಸಿನಲ್ಲಿ 1953ರಲ್ಲಿ, ಮುಂಬಯಿಯಲ್ಲಿ 1964ರಲ್ಲಿ ಟ್ರಾಮು ನಿಂತಿತು. 2024ರಲ್ಲಿ ಅಲ್ಲಿನ ಸರ್ಕಾರ, ಕಲ್ಕತ್ತೆಯಲ್ಲಿಯೂ ಮೈದಾನದ ಒಂದು ಮಾರ್ಗವನ್ನು ಮಾತ್ರ ಉಳಿಸುವುದಾಗಿ ಹೇಳಿತು. ನಿಧಾನವೇ ಅದರ ಅಪರಾಧವಾಯಿತು!

ಇನ್ನು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವಂತೆ. ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುವುದು ಅದರ ಗುಣ. ಇದನ್ನು ಕುಂದೆನ್ನಬೇಡಿ. ಒಮ್ಮೆ ಗುಂಡುಬಂಡೆಗಳು, ಒಮ್ಮೆ ದೇವಾಲಯ, ಒಮ್ಮೆ ಆನೆಗೊಂದಿಯ ದಡ: ಕುಳಿತಲ್ಲೇ ನಾಲ್ಕು ದಿಕ್ಕೂ ಕಣ್ಣಿಗೆ ಬೀಳುತ್ತದೆ.

ಶಿವಗಂಗೆಗೆ ಟ್ರಾಮೂ ಇಲ್ಲ, ಹೊಳೆಯೂ ಇಲ್ಲ. ಆದರೂ ಈ ಬೆಟ್ಟಕ್ಕೆ ಬೇಕಾದದ್ದು ಹರಿಗೋಲಿನ ನೋಟವೇ. ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಇದು ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ಮೋಟಾರಿನಲ್ಲಿ ಬಂದು, ಮೆಟ್ಟಿಲು ಹತ್ತಿ, ಚಿತ್ರ ತೆಗೆದುಕೊಂಡು ಇಳಿದವರಿಗೆ ಈ ನಾಲ್ಕರಲ್ಲಿ ಒಂದಾದರೂ ಸಿಕ್ಕೀತೆ? ದೋಣಿ ನಮ್ಮನ್ನು ಸುತ್ತಿಸುತ್ತದೆ; ಇಲ್ಲಿ ನಾವೇ ಬೆಟ್ಟವನ್ನು ಸುತ್ತಬೇಕು.

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲೇ ರೈಲು ಹಾದಿಯಾಯಿತು. ಈಗಲೂ ಆ ಹಾದಿಯಲ್ಲಿ ಬಂದು, ದಾಬಸ್‌ಪೇಟೆಯ ಕಡೆಯಿಂದ ಬೆಟ್ಟದ ಬುಡ ಸೇರಬಹುದು. ಬಿಸಿಲೇರುವ ಮುಂಚೆ ಹತ್ತುವುದು ಒಳ್ಳೆಯದು. ಗವಿಯೊಳಗಿನ ಗಂಗಾಧರೇಶ್ವರನ ಗುಡಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಮುಟ್ಟಿತೇ ಎಂದು ನೋಡುವ ಮಕ್ಕಳನ್ನು ಅವಸರಪಡಿಸಬೇಡಿ. ಮೇಲೆ ಬಂಡೆಯಲ್ಲೇ ಕಡೆದ ಬಸವನ ಬಳಿ ನಿಂತಾಗ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ದೇಹಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುವುದು ನೆನಪಿರಲಿ. ಬೆಟ್ಟದಿಂದ ಹಾರಿದಳೆಂಬುದು ಜನರ ಕಥೆ. ಶಾಸನಕ್ಕೂ ಕಥೆಗೂ ಇರುವ ಅಂತರವನ್ನು ಯೋಚಿಸುವುದಕ್ಕೂ ಬಿಡುವು ಬೇಕಷ್ಟೆ.

ಇಳಿದ ಮೇಲೆ ಕೂಡಲೇ ಗಾಡಿ ಹತ್ತಬೇಡಿ. ಬುಡದ ಹಳ್ಳಿಗಳ ದಾರಿಯಲ್ಲಿ ಒಂದಿಷ್ಟು ದೂರ ನಡೆದು, ಹಿಂದಿರುಗಿ ನೋಡಿ. ಟ್ರಾಮಿನ ಹಳಿ ಕಿತ್ತರೆ ಮತ್ತೆ ಹಾಕುವುದು ಕಷ್ಟ. ನಿಧಾನವಾಗಿ ನೋಡುವ ಅಭ್ಯಾಸವೂ ಹಾಗೆಯೇ. ಆ ಅಭ್ಯಾಸವನ್ನು ಮಕ್ಕಳಿಗೆ ಉಳಿಸಿಕೊಡುವ ಕೆಲಸ ಯಾವ ಸರ್ಕಾರದ್ದೂ ಅಲ್ಲ, ನಮ್ಮ ನಮ್ಮ ಮನೆಯದು.